ಐದು ಸಾವಿರದ ಗೆರೆ

ಜುಲೈ 30, ಶನಿವಾರ

ನೀಲಿ ಅಂಗಿ, ಟೋಪಿ, ಕೊರಳಿಗೆ ಗುರುತಿನ ಚೀಟಿ, ಗಣತಿಯ ಮೊಬೈಲು ಎಲ್ಲ ಕೈಗೆ ಬಂದವು. ಸೋಮವಾರದಿಂದ ಜನಗಣತಿ. ನಮ್ಮೂರು ಬಾರಾ ದೊ ಅಂಜಿಕೊದ ಮೇಲಿನ ಕೇರಿ ಪೂರ್ತಿ ನನ್ನದು, ಮುನ್ನೂರ ಹನ್ನೆರಡು ಮನೆ. ಇಪ್ಪತ್ತೆಂಟು ವರ್ಷ ಈ ಊರಿನ ಮಕ್ಕಳ ಹಾಜರಿ ಕೂಗಿದವಳು ನಾನು. ನಿವೃತ್ತಿಯಾದ ಮೇಲೆ ಈಗ ಅವರ ಅಪ್ಪ ಅಮ್ಮಂದಿರ ಹಾಜರಿ.

ಈ ಸಲದ್ದು ಬರೀ ಗಣತಿಯಲ್ಲ. ದೇಶದ ರಾಜಧಾನಿ ಬ್ರೆಸಿಲಿಯಾದಲ್ಲಿ ಸಂವಿಧಾನಕ್ಕೊಂದು ತಿದ್ದುಪಡಿ ಬರೆದಿಟ್ಟಿದ್ದಾರೆ: ಐದು ಸಾವಿರಕ್ಕಿಂತ ಕಡಿಮೆ ಜನರಿರುವ ಊರಿಗೆ ತನ್ನದೇ ಪುರಸಭೆ, ಮೇಯರು, ಸದಸ್ಯರು ಇರುವಂತಿಲ್ಲ, ಪಕ್ಕದ ದೊಡ್ಡ ಊರಿಗೆ ಸೇರಿಹೋಗಬೇಕು. ಹಿಂದಿನ ಗಣತಿಯಲ್ಲಿ ನಾವು ಐದು ಸಾವಿರದ ನಲವತ್ತೊಂದು ಜನ. ಆಮೇಲೆ ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ.

ನನ್ನನ್ನು ಕೇಳಿದರೆ ಇದು ಮೂವತ್ತು ವರ್ಷ ಮೊದಲೇ ಬರಬೇಕಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮಕ್ಕಳಿಗೆ ಹೇಳಿಕೊಟ್ಟೆವು, ಸರ್ಕಾರಕ್ಕೆ ಯಾರು ಹೇಳಿಕೊಡಬೇಕು? ಕಾನೂನು ಮಾಡಿದರೆ ಮುಂದೆ ಬಂದವನು ಅದನ್ನು ಬದಲಿಸುತ್ತಾನೆ. ಸಂವಿಧಾನದಲ್ಲೇ ಗೂಟ ಹೊಡೆದು ಕಟ್ಟಿಹಾಕಬೇಕು. ಈ ಊರಿಗೆ ಒಂಬತ್ತು ಜನ ಸದಸ್ಯರು. ಸೋಮವಾರ ಸೋಮವಾರ ಸೇರಿ ಬೀದಿಗಳಿಗೆ ತಮ್ಮ ತಾತಂದಿರ ಹೆಸರಿಡುತ್ತಾರೆ. ವರ್ಷಕ್ಕೆ ಹತ್ತು ತಿಂಗಳು ಮರಳು ಮಾತ್ರ ಕಾಣುವ ಹೊಳೆಗೆ ಮೀನುಗಾರಿಕೆ ಇಲಾಖೆ. ಮೇಯರನ ಸೋದರಳಿಯ ಪ್ರವಾಸೋದ್ಯಮ ಕಾರ್ಯದರ್ಶಿ. ಈ ಊರಿಗೆ ಕೊನೆಯ ಪ್ರವಾಸಿ ಬಂದದ್ದು ಬಸ್ಸು ಕೆಟ್ಟು ನಿಂತಾಗ.

ಊಟದ ಹೊತ್ತಿಗೆ ಎರಿವಾನ್‌ಗೆ ಇದನ್ನೇ ಹೇಳಿದೆ. ಡಯಾಲಿಸಿಸ್ ಮುಗಿಸಿ ಬಂದ ದಿನ ನನ್ನ ಗಂಡನಿಗೆ ಮಾತೂ ಭಾರ. ಆದರೂ ಬಿಡಲಿಲ್ಲ.

"ಮಾರ್ಚಲ್ಲಿ ಉಸಿರು ಕಟ್ಟಿದಾಗ ಆ ಪ್ರವಾಸೋದ್ಯಮದ ಕಾರಲ್ಲೇ ಅಲ್ವೇನೇ ನನ್ನ ಆಸ್ಪತ್ರೆಗೆ ಹೊತ್ಕೊಂಡು ಹೋಗಿದ್ದು? ಕೊನೇ ಪ್ರವಾಸಿ ನಾನೇ ಅನ್ಕೋ."

ನಗು ಬಂತು. ತೋರಿಸಲಿಲ್ಲ.

ಆಗಸ್ಟ್ 1, ಸೋಮವಾರ

ಮೊದಲ ದಿನವೇ ಇಪ್ಪತ್ತಾರು ಮನೆ. ಗೇಟಿನಲ್ಲಿ ನಿಂತು ಚಪ್ಪಾಳೆ ತಟ್ಟಿ "ಮನೇಲಿ ಯಾರಿದ್ದೀರಿ?" ಎನ್ನುವಷ್ಟರಲ್ಲೇ "ಅಯ್ಯೋ, ಟೀಚರಮ್ಮ ಬಂದ್ರು!" ಎಂದು ಕುರ್ಚಿ ಎಳೆಯುತ್ತಾರೆ. ಹನ್ನೊಂದು ಕಡೆ ಕಾಫಿ ಕುಡಿದೆ, ಎರಡು ಕಡೆ ಜೋಳದ ಕುಸ್ಕುಸ್ ತಿಂದೆ. ಸಂಜೆಗೆ ಹೊಟ್ಟೆ ಗುಡುಗುಡು.

ಬೀದಿಯಲ್ಲಿ ಮೇಯರನ ಧ್ವನಿವರ್ಧಕದ ಕಾರು ಬೆಳಿಗ್ಗೆಯಿಂದ ಸುತ್ತುತ್ತಿದೆ. "ಬಾರಾದ ಮಕ್ಕಳೇ, ಎಲ್ಲಿದ್ರೂ ನೀವು ನಮ್ಮೋರೇ! ಒಬ್ಬರನ್ನೂ ಬಿಡಬೇಡಿ, ಎಲ್ಲರ ಹೆಸರನ್ನೂ ಬರೆಸಿ!" ಜನರಿಗೆ ಸುಳ್ಳು ಕಲಿಸುವುದಕ್ಕೂ ಜನರದೇ ಪೆಟ್ರೋಲು.

ಮುದುಕ ಬೆಲರ್ಮಿನೊ ತನ್ನ ಹೇಸರಗತ್ತೆಯನ್ನು ತೋರಿಸಿ, "ಇದನ್ನೂ ಬರ್ಕೊಳ್ಳಿ ಟೀಚರಮ್ಮ, ಒಂಬತ್ ಜನ ಸದಸ್ಯರಿಗಿಂತ ಜಾಸ್ತಿ ದುಡಿಯತ್ತೆ" ಎಂದ. ಊರಿನಲ್ಲಿ ಬುದ್ಧಿಯಿರುವವರು ಇನ್ನೂ ಇದ್ದಾರೆ.

ರಾತ್ರಿ ಊಟಕ್ಕೆ ಕೂತಾಗ ಎರಿವಾನ್‌ಗೆ ನಿಯಮ ಓದಿ ಹೇಳಿದೆ. ಜುಲೈ 31ರ ರಾತ್ರಿ ಯಾವ ಮನೆಯಲ್ಲಿ ವಾಸವಿದ್ದರೋ ಆ ಮನೆಯ ಲೆಕ್ಕ. ಹೊರಗೆ ಹೋಗಿ ವರ್ಷ ದಾಟಿದವರು ಇಲ್ಲಿಯವರಲ್ಲ. ಬೇರೆ ಊರಿನಲ್ಲಿದ್ದು ಓದುವವರು ಆ ಊರಿನವರು. ಒಬ್ಬ ಮನುಷ್ಯನಿಗೆ ಒಂದೇ ಜಾಗ. ಎಷ್ಟು ಸರಳ! ಅವನು ತನ್ನ ಪಾಲಿನ ನೀರಿನ ಲೋಟ ನೋಡುತ್ತಾ ಕುಳಿತಿದ್ದ. ದಿನಕ್ಕೆ ಮುಕ್ಕಾಲು ಲೀಟರು ಅಷ್ಟೆ ಅವನಿಗೆ. ಅದನ್ನೂ ನಾನೇ ಅಳೆದು ಕೊಡುತ್ತೇನೆ.

ಆಗಸ್ಟ್ 9, ಮಂಗಳವಾರ

ಲುಸಿಮಾರಾಳ ಮನೆಯಲ್ಲಿ ಒಂದು ಗಂಟೆ ಹೋಯಿತು. ಗಂಡ ಸಾವೊ ಪಾಲೊ ನಗರದಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ ಎಂಬುದು ನಾಯಿಗೂ ಗೊತ್ತು. ಆದರೂ ಮನೆಯಲ್ಲಿ ನಾಲ್ಕು ಜನ ಎಂದಳು.

"ಅವನ ಅಂಗಿ ಇಲ್ಲಿದೆ, ಚಪ್ಪಲಿ ಇಲ್ಲಿದೆ, ಹೆಂಡ್ತಿ ನಾನಿಲ್ಲಿದೀನಿ. ಮತ್ತಿನ್ನೆಲ್ಲಿರ್ತಾನೆ ಅವನು?"

"ಕೊನೆಗೆ ಬಂದಿದ್ದು ಯಾವಾಗಮ್ಮ?"

"ಬರ್ತಾನೆ. ಬರ್ತಾನೇ ಇರ್ತಾನೆ."

"ಯಾವಾಗ ಅಂತ ಕೇಳಿದೆ."

ಮೂರನೆಯ ಸಲ ಕೇಳಿದಾಗ ತಲೆ ತಗ್ಗಿಸಿ, "ಮೂರ್ ವರ್ಷ ಆಯ್ತು" ಎಂದಳು. ಮೂರು ಜನ ಎಂದು ಬರೆದೆ. ಕಣ್ಣೊರೆಸಿಕೊಂಡಳು. ಅದಕ್ಕೆ ನಾನೇನು ಮಾಡಲಿ? ಚಪ್ಪಲಿ ಎಣಿಸಿಕೊಂಡು ಬಾ ಎಂದು ನನ್ನನ್ನು ಕಳಿಸಿಲ್ಲ.

ಮೇಲ್ವಿಚಾರಕಿ ಇವೊನೆತೆ ನಗರದಿಂದ ಫೋನ್ ಮಾಡಿದ್ದಳು. ನನ್ನ ಮೇಲೆ ಯಾರೋ ದೂರಿದ್ದಾರಂತೆ. "ಟೀಚರಮ್ಮ, ಮನೆಯವ್ರು ಏನು ಹೇಳ್ತಾರೋ ಅದನ್ನ ಬರ್ಕೊಳ್ಳಿ. ಉತ್ತರ ಅವರದ್ದು. ನಾವು ಪೊಲೀಸ್ ಅಲ್ಲ" ಎಂದಳು. ನಾನೂ ಅದನ್ನೇ ಮಾಡುತ್ತಿದ್ದೇನೆ. ಪ್ರಶ್ನೆ ಸರಿಯಾಗಿ ಕೇಳಿದರೆ ಅವರೇ ಸರಿಯಾದ ಉತ್ತರ ಕೊಡುತ್ತಾರೆ, ಅಷ್ಟೆ.

ಸೆನೆಟ್‌ನವರು ತಿದ್ದುಪಡಿಯ ಬಗ್ಗೆ ಜನಾಭಿಪ್ರಾಯ ಕೇಳಿದ್ದಾರೆ. ಮೊಬೈಲಿನಲ್ಲಿ 'ಒಪ್ಪಿದೆ' ಎಂದು ಒತ್ತಿದೆ. ಕೂದಲು ಕತ್ತರಿಸುವವಳ ಹತ್ತಿರ ಬಾಯಿ ತಪ್ಪಿ ಹೇಳಿಬಿಟ್ಟೆ. ತಪ್ಪಿ ಏನು, ಹೇಳಬೇಕೆಂದೇ ಹೇಳಿದೆ. ನನಗೇನು ಭಯ?

ಆಗಸ್ಟ್ 16, ಮಂಗಳವಾರ

ಇವತ್ತು ಜೊಸಿಮಾರ್‌ನ ಮನೆ. ಪುರಸಭೆಯ ವ್ಯಾನ್ ಓಡಿಸುವವನು. ವಾರಕ್ಕೆ ಮೂರು ದಿನ ನಸುಕಿನ ನಾಲ್ಕಕ್ಕೆ ನಮ್ಮ ಗೇಟಿಗೆ ಬಂದು, ಹಾರ್ನ್ ಹೊಡೆಯದೆ ಎರಿವಾನ್‌ನ ತೋಳು ಹಿಡಿದು ಹತ್ತಿಸಿಕೊಂಡು, ತೊಂಬತ್ತು ಕಿಲೋಮೀಟರ್ ದೂರದ ಪಾತೊಸ್‌ಗೆ ಡಯಾಲಿಸಿಸ್‌ಗೆ ಕರೆದೊಯ್ಯುವವನು ಅವನೇ. ಮೂರು ಜನ ಎಂದ. ಅವನು, ಹೆಂಡತಿ, ಮಗಳು ತಾಯ್ನಾರಾ. ಆ ಹುಡುಗಿಗೆ ಅಕ್ಷರ ಕಲಿಸಿದವಳು ನಾನು. ಈಗ ನಮ್ಮ ರಾಜ್ಯದ ರಾಜಧಾನಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ.

"ಅವಳು ಅಲ್ಲಿಯ ಲೆಕ್ಕ, ಜೊಸಿಮಾರ್."

"ತಿಂಗಳಿಗೊಂದ್ಸಲ ಬಟ್ಟೆ ಒಗ್ಯೋಕೆ ಮನೆಗೆ ಬರ್ತಾಳೆ ಟೀಚರಮ್ಮ. ಅವಳ ಮಂಚ ನೋಡಿ ಬೇಕಾದ್ರೆ."

"ಮಂಚ ಇಲ್ಲಿದ್ದರೇನು? ಅವಳು ಮಲಗೋದು ಅಲ್ಲಿ."

ಅವನು, "ಊರಿನ ಲೆಕ್ಕ ತಪ್ಪಿದ್ರೆ ಪುರಸಭೆ ಹೋಗತ್ತೆ. ಪುರಸಭೆ ಹೋದ್ರೆ ವ್ಯಾನೂ ಹೋಗತ್ತೆ. ಆಮೇಲೆ ಎರಿವಾನ್ ಅವರನ್ನ ಯಾರು ಕರ್ಕೊಂಡ್ ಹೋಗ್ತಾರೆ?" ಎಂದ.

"ಸೇರಿಸಿಕೊಂಡ ದೊಡ್ಡೂರಿನವರು ವ್ಯಾನ್ ಕಳಿಸ್ತಾರೆ."

"ಕಳಿಸ್ತಾರೆ, ಕಳಿಸ್ತಾರೆ. ಅವರ ಮೇಯರ್‌ಗೆ ನಿಮ್ಮನೆ ಗೇಟ್ ಯಾವ ಬಣ್ಣ ಅಂತಾನೂ ಗೊತ್ತಿರತ್ತೆ, ಪಾಪ."

ಇಬ್ಬರು ಎಂದು ಬರೆದೆ. ಗೇಟಿನವರೆಗೂ ಬಂದು ಕಳಿಸಲಿಲ್ಲ ಅವನು.

ಆಗಸ್ಟ್ 18, ಗುರುವಾರ

ನಾಲ್ಕಾಯಿತು, ನಾಲ್ಕರ ಮೇಲೆ ಐದು ನಿಮಿಷವಾಯಿತು, ವ್ಯಾನ್ ಗೇಟಿಗೆ ಬರಲಿಲ್ಲ. ಫೋನ್ ಮಾಡಿದರೆ, "ರೋಗಿಗಳು ಹತ್ತೋ ಜಾಗ ಆರೋಗ್ಯ ಕೇಂದ್ರ ಅಂತ ನಿಯಮದಲ್ಲಿದೆ. ಇಪ್ಪತ್ತು ನಿಮಿಷ ಕಾಯ್ತೀನಿ. ನಿಯಮ ನಿಯಮಾನೇ ಅಲ್ವಾ ಟೀಚರಮ್ಮ?" ಎಂದ ಜೊಸಿಮಾರ್. ಆರೋಗ್ಯ ಕೇಂದ್ರ ಇಳಿಜಾರಿನ ಕೆಳಗೆ, ಏಳುನೂರು ಮೀಟರು. ನನ್ನ ಹೆಗಲು ಹಿಡಿದು ಎರಿವಾನ್ ನಡೆದ. ಎರಡು ಸಲ ಕಟ್ಟೆಯ ಮೇಲೆ ಕುಳಿತ. ವ್ಯಾನ್ ಹತ್ತುವಾಗ ಜೊಸಿಮಾರ್‌ಗೆ "ನಮಸ್ಕಾರ ಕಣಪ್ಪ" ಎಂದ, ಏನೂ ಆಗಿಲ್ಲವೆಂಬಂತೆ. ಅವನ ಈ ಮೆತ್ತಗಿನ ಸ್ವಭಾವದಿಂದಲೇ ಜನ ತಲೆಯ ಮೇಲೆ ಹತ್ತುವುದು.

ಆಗಸ್ಟ್ 23, ಮಂಗಳವಾರ

ಮೇಯರ್ ಒತಾಸಿಲಿಯೊ ಹೇಳಿಕಳಿಸಿದ್ದ. ಹೋದೆ, ಹೆದರಿ ಅಲ್ಲ.

ಕಾಫಿ ತರಿಸಿ ಸಕ್ಕರೆಯನ್ನು ತಾನೇ ಕದಡಿದ. "ನಾಲ್ಕೂ ಕೇರಿ ಸೇರಿ ಐವತ್ತು ಅರವತ್ತು ಜನ ಕಡಿಮೆ ಬೀಳ್ತಿದ್ದಾರೆ ದೋನಾ ಅಲ್ಜೆನೀರಾ. ಬೇರೆ ಕೇರಿಯವರು ಜನ ಹೇಳಿದ್ದನ್ನ ಬರ್ಕೊಳ್ತಿದ್ದಾರೆ. ಅಳಿಸ್ತಿರೋರು ನೀವೊಬ್ಬರೇ. ಕಣ್ಣೊಂದ್ ಸ್ವಲ್ಪ ಮುಚ್ಕೊಳ್ಳಿ. ನಿವೃತ್ತಿಯಾದ್ರೇನು, ಶಾಲೆಗೆ ಮುಖ್ಯಸ್ಥರ ಜಾಗ ಖಾಲಿ ಇದೆ, ಹಾಕೋದು ನಾನೇ."

"ಈ ಊರು ಬಾಳಬೇಕು ಅಂದರೆ ಮೊದಲು ಈ ಪುರಸಭೆ ತೆಳ್ಳಗಾಗಬೇಕು. ನೀವು ಮಾಡಲಿಲ್ಲ. ಈಗ ಸಂವಿಧಾನ ಮಾಡತ್ತೆ."

"ಸರ್ಕಾರ ಊದಿಕೊಂಡಿರೋದು ಬ್ರೆಸಿಲಿಯಾದಲ್ಲಿ ತಾಯಿ. ಕತ್ತರಿ ಹಾಕೋದು ಮಾತ್ರ ನಮ್ಮಂಥವರ ಅಂಗಿಗೆ. ಅವರು ಯಾವತ್ತಾದ್ರೂ ತಮ್ಮ ಕುರ್ಚಿ ಕಡಿಮೆ ಮಾಡ್ಕೊಂಡಿದ್ದು ಕೇಳಿದೀರಾ?"

ಮಾತಿನಲ್ಲಿ ಸೋಲುವವನಲ್ಲ, ಅದಕ್ಕೇ ಮೂರು ಸಲ ಗೆದ್ದಿದ್ದಾನೆ. ನಾನು ಸದಸ್ಯ ಸ್ಥಾನಕ್ಕೆ ನಿಂತಾಗ ಬಿದ್ದದ್ದು ಹತ್ತೊಂಬತ್ತು ಮತ. ಬಂಧುಗಳೇ ಇಪ್ಪತ್ತಮೂರು ಜನ ಇದ್ದರು.

ಏಳುವಾಗ ವ್ಯಾನಿನ ವಿಷಯ ಎತ್ತಿದೆ. ನನಗಾಗಿ ಅಲ್ಲ, ಒಬ್ಬ ರೋಗಿಯ ಪರವಾಗಿ. ಅವನು ಕೈ ಅಗಲಿಸಿದ. "ಗೇಟಿಗೆ ಬಾ ಅಂತ ಯಾವ ಆದೇಶದಲ್ಲೂ ಇಲ್ಲ. ಇಷ್ಟ್ ದಿನ ಬರ್ತಿದ್ದಿದ್ದು ಜೊಸಿಮಾರ್ ಮನಸ್ಸು. ಮನಸ್ಸಿಗೆ ನಾನು ಹೇಗಮ್ಮ ಆರ್ಡರ್ ಹಾಕ್ಲಿ? ಹೋಗಿ ಒಂದು ಮಾತಾಡಿ ಅವನ ಹತ್ರ."

ಮಾತಾಡಲು ಏನಿದೆ? ನಾನು ಕದ್ದಿದ್ದೇನೆಯೇ?

ಸೆಪ್ಟೆಂಬರ್ 1, ಗುರುವಾರ

ಎರಿವಾನ್ ಇಳಿಜಾರಿನಲ್ಲಿ ಬಿದ್ದ. ಮಂಡಿ ಒಡೆದು ರಕ್ತ. ಸಣ್ಣ ಕಲ್ಲುಗಳ ರಸ್ತೆ. ಇದರ ದುರಸ್ತಿಗೆಂದು ಎಷ್ಟು ಸಲ ಠರಾವು ಮಾಡಿದ್ದಾರೋ ಈ ಒಂಬತ್ತು ಜನ. ಹಾಗೇ ವ್ಯಾನ್ ಹತ್ತಿಸಿ ಕಳಿಸಿದೆ, ಡಯಾಲಿಸಿಸ್ ತಪ್ಪಿಸುವಂತಿಲ್ಲವಲ್ಲ. ಮೂರು ಗಂಟೆಗೆ ವಾಪಸು ಬಂದವನು ಅಂಗಳದಲ್ಲೇ ಕೂತ.

"ಜೊಸಿಮಾರ್ ಹತ್ರ ಒಂದು ಮಾತು ಹೇಳು. ಒಂದೇ ಮಾತು. ತಪ್ಪಾಯ್ತು ಅನ್ನೋದ್ ಬೇಡ, ಮಗಳು ಹೇಗಿದಾಳಪ್ಪ ಅಂತ ಕೇಳು ಸಾಕು."

"ಸತ್ಯ ಬರೆದದ್ದಕ್ಕೆ ನಾನು ಅವನ ಬಾಗಿಲಿಗೆ ಹೋಗಲಾ?"

"ನನ್ನ ಕಾಲಿಗೋಸ್ಕರ ಹೋಗು."

"ಇವತ್ತು ಕಾಲು ಅಂತೀಯ, ನಾಳೆ ಕೈ ಅಂತೀಯ. ಈ ಊರು ಹಾಳಾಗಿದ್ದೇ ಹೀಗೆ. ಪ್ರತಿಯೊಬ್ಬನಿಗೂ ಏನೋ ಒಂದು ಕಾರಣ."

ಅವನು ಮಂಡಿಯ ಪಟ್ಟಿ ನೋಡಿಕೊಂಡು ನಕ್ಕ. "ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರೆ. ನೀನು ಊರಿಗೂ ಮಾರಿನೇ ಆದ್ಯಲ್ಲೇ."

ಮೈ ಉರಿಯಿತು. ನನ್ನಂಥವಳು ಒಬ್ಬಳಾದರೂ ಪುರಸಭೆಯಲ್ಲಿದ್ದಿದ್ದರೆ ಈ ಗತಿ ಬರುತ್ತಿರಲಿಲ್ಲ ಎಂದೆ. ಅದಕ್ಕವನು, ಬಹಳ ದಿನ ಬಾಯಲ್ಲಿಟ್ಟುಕೊಂಡಿದ್ದನ್ನು ಉಗುಳಿದವನಂತೆ, "ನಾನೂ ನಿಂಗೆ ವೋಟ್ ಹಾಕ್ಲಿಲ್ಲ ಅಲ್ಜೆ. ಜೊಸಿಮಾರ್‌ನ ಅಣ್ಣ ನಿಂತಿದ್ನಲ್ಲ, ಅವನಿಗೆ ಹಾಕ್ದೆ. ಡಯಾಲಿಸಿಸ್‌ಗೆ ಜಾಗ ಕೊಡಿಸಿದ್ದು ಅವನು. ನೀನು ಅವತ್ತು ನಿಯಮದ ಪ್ರಕಾರ ಸರದಿ ಕಾಯೋಣ ಅಂದಿದ್ದೆ" ಎಂದ.

ಆ ಹತ್ತೊಂಬತ್ತರಲ್ಲಿ ಒಂದು ಅವನದೆಂದು ಆರು ವರ್ಷ ನಂಬಿದ್ದೆ. ಇಷ್ಟೇ ಬರೆಯಬಲ್ಲೆ ಇವತ್ತು.

ಸೆಪ್ಟೆಂಬರ್ 6, ಮಂಗಳವಾರ

ಹದಿನಾಲ್ಕು ಮನೆ. ಯಾರೂ ಕುರ್ಚಿ ಕೊಡಲಿಲ್ಲ. ಒಂದು ಗೇಟಿನಲ್ಲಿ ನಾನು ಚಪ್ಪಾಳೆ ತಟ್ಟಿದರೆ ಒಳಗಿನಿಂದ ಹೆಂಗಸರು ಅಷ್ಟೇ ಸಲ ತಿರುಗಿ ತಟ್ಟಿ ನಕ್ಕರು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು. ಕೆಲಸ ಬೇಗ ಮುಗಿಯುತ್ತದೆ ಹೀಗಾದರೆ.

ಸೆಪ್ಟೆಂಬರ್ 10, ಶನಿವಾರ

ಮಧ್ಯಾಹ್ನ ಆರೋಗ್ಯ ಕೇಂದ್ರಕ್ಕೆ ವ್ಯಾನ್ ಬಂತು, ಎರಿವಾನ್ ಇಳಿಯಲಿಲ್ಲ. ಪಾತೊಸ್‌ನಲ್ಲಿರುವ ಅವನ ತಂಗಿ ಜಿಲ್ದಾ ಫೋನ್ ಮಾಡಿ, ಅಣ್ಣ ನಮ್ಮ ಮನೆಯಲ್ಲೇ ಉಳಿದಿದ್ದಾನೆ, ಆಸ್ಪತ್ರೆ ಇಲ್ಲಿಂದ ಮೂರೇ ಬೀದಿ, ನೆಲ ಸಮತಟ್ಟು ಎಂದಳು. ಅವನಿಗೆ ಫೋನ್ ಕೊಡು ಎಂದೆ. ಮಲಗಿದ್ದಾನೆ ಎಂದಳು. ಹಿಂದೆ ಅವನ ಕೆಮ್ಮು ಕೇಳುತ್ತಿತ್ತು.

ಒಳ್ಳೆಯದೇ ಆಯಿತು. ನಾನೇ ಹೇಳಬೇಕೆಂದಿದ್ದೆ. ಗಣತಿ ಮುಗಿಯುವವರೆಗೆ ಅವನಿಗೂ ಆರಾಮ, ನನಗೂ ಕೆಲಸಕ್ಕೆ ತೊಂದರೆಯಿಲ್ಲ. ಔಷಧಿಯ ಡಬ್ಬ, ಎರಡು ಪೈಜಾಮ ಕಟ್ಟಿ ಸೋಮವಾರದ ಬಸ್ಸಿಗೆ ಕೊಡಲು ಇಟ್ಟಿದ್ದೇನೆ. ಹುಡುಕಿದರೆ ಕ್ಷೌರದ ಸಾಮಾನು ಸಿಗಲಿಲ್ಲ, ಚಳಿಗಾಲದ ಅಂಗಿಯೂ ಇಲ್ಲ. ಬೆಳಿಗ್ಗೆ ಅವನ ಚೀಲ ದಪ್ಪಗಿತ್ತು ಎಂದು ಈಗ ನೆನಪಾಗುತ್ತಿದೆ. ನಾನು ಗಮನಿಸಲಿಲ್ಲ, ಮೊಬೈಲಿನಲ್ಲಿ ಹಿಂದಿನ ದಿನದ ಮನೆಗಳನ್ನು ತಾಳೆ ನೋಡುತ್ತಿದ್ದೆ.

ಸೆಪ್ಟೆಂಬರ್ 15, ಗುರುವಾರ

ಅನ್ನಕ್ಕಿಟ್ಟೆ, ಒಬ್ಬಳಿಗೆ ಎಷ್ಟು ಅಕ್ಕಿ ಎಂದು ತಿಳಿಯಲಿಲ್ಲ. ಹೆಚ್ಚಾಯಿತು. ಹೆಚ್ಚಾದದ್ದನ್ನು ಚೆಲ್ಲಿದೆ.

ಸೆಪ್ಟೆಂಬರ್ 21, ಬುಧವಾರ

ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದರು, ತಿದ್ದುಪಡಿಯನ್ನು ಸಮಿತಿ ಸದ್ಯಕ್ಕೆ ಬದಿಗಿಟ್ಟಿದೆ. ಚುನಾವಣೆ ಮುಗಿದ ಮೇಲೆ ನೋಡುತ್ತಾರಂತೆ. ಮತ ಕೇಳಲು ಹೋಗುವಾಗ ಊರುಗಳನ್ನು ಮುಚ್ಚುತ್ತೇವೆ ಎನ್ನಲು ಯಾರಿಗೆ ಧೈರ್ಯ? ಸಂವಿಧಾನಕ್ಕೆ ಗೂಟ ಹೊಡೆಯುತ್ತೇವೆಂದು ಸುತ್ತಿಗೆ ಎತ್ತಿದವರು ಅದನ್ನು ಹಾಗೇ ಕಪಾಟಿನಲ್ಲಿಟ್ಟರು. ಒಂಬತ್ತು ಜನರೂ ಕ್ಷೇಮ. ಮೀನುಗಾರಿಕೆ ಇಲಾಖೆಯೂ ಕ್ಷೇಮ. ಮೇಯರನ ಕಾರು ಪಟಾಕಿ ಹೊಡೆಯುತ್ತಾ ಮೂರು ಸುತ್ತು ಬಂತು, ನಮ್ಮ ಮನೆಯ ಮುಂದೆ ಮಾತ್ರ ನಿಧಾನವಾಗಿ.

ಇವೊನೆತೆ ಫೋನ್ ಮಾಡಿದ್ದಳು. ಎಲ್ಲ ಕೇರಿ ಸೇರಿ ಇವತ್ತಿಗೆ ನಾಲ್ಕು ಸಾವಿರದ ಒಂಬೈನೂರ ಅರವತ್ತೆಂಟು. "ನಿಮ್ಮ ಕೇರಿದು ತುಂಬಾ ಶುದ್ಧವಾದ ಲೆಕ್ಕ ಟೀಚರಮ್ಮ. ಒಂದು ತಪ್ಪು ಸಿಗ್ಲಿಲ್ಲ ನಂಗೆ. ಇನ್ನೊಂದೇ ಮನೆ ಬಾಕಿ ತೋರಿಸ್ತಿದೆ, ನಿಮ್ಮದು. ಶನಿವಾರದೊಳಗೆ ಕಳಿಸಿಬಿಡಿ" ಎಂದಳು. ಐವತ್ತು ದಿನಗಳಲ್ಲಿ ನನ್ನ ಬಗ್ಗೆ ಒಳ್ಳೆಯ ಮಾತು ಆಡಿದವಳು ಇವಳೊಬ್ಬಳು. ಇನ್ನೂ ಸ್ವಲ್ಪ ಮಾತಾಡಲಿ ಎನ್ನಿಸಿತು. ಅವಳಿಗೆ ಬೇರೆ ಕರೆ ಬಂತು.

ಅಂದರೆ ಊರು ಗೆರೆಯ ಕೆಳಗೆ ಬಿದ್ದಿದೆ, ಆದರೆ ಗೆರೆ ಎಳೆಯುವವರೇ ಎದ್ದುಹೋಗಿದ್ದಾರೆ. ಇರಲಿ. ಲೆಕ್ಕ ಲೆಕ್ಕವೇ.

ಸೆಪ್ಟೆಂಬರ್ 24, ಶನಿವಾರ

ಬೆಳಿಗ್ಗೆ ನನ್ನ ಮನೆಯ ಗಣತಿ ನಮೂನೆ ತೆರೆದೆ. ಗೊಂದಲವೇನೂ ಇರಲಿಲ್ಲ. ಜುಲೈ 31ರ ರಾತ್ರಿ ಎರಿವಾನ್ ಈ ಮನೆಯಲ್ಲಿದ್ದ, ಅದಕ್ಕಿಂತ ಮೊದಲು ಮೂವತ್ತೊಂದು ವರ್ಷವೂ ಇಲ್ಲಿದ್ದ. ಆಮೇಲೆ ಎಲ್ಲಿಗೆ ಹೋದರೂ ನಿಯಮದ ಪ್ರಕಾರ ಇಲ್ಲಿಯವನೇ. ಇಬ್ಬರು. ಈ ಸಲ ನಿಯಮ ನನ್ನ ಕಡೆಗಿದೆ ಎಂದು ಸ್ವಲ್ಪ ಸಂತೋಷವೇ ಆಯಿತು. ಒತ್ತುವ ಮೊದಲು, ಮಂಡಿ ಹೇಗಿದೆಯೆಂದು ಕೇಳುವ ನೆಪದಲ್ಲಿ ಜಿಲ್ದಾಗೆ ಫೋನ್ ಮಾಡಿದೆ.

"ಮಂಡಿ ವಾಸಿಯಾಯ್ತು ಅತ್ತಿಗೆ. ನಿನ್ನೆ ನಮ್ಮನೆಗೂ ಬಂದಿದ್ಲು ಗಣತಿ ಹುಡುಗಿ. ಅಣ್ಣ ತಾನೇ ಎದ್ದು ಬಂದು ಹೆಸರು ಬರೆಸಿದ."

"ಏನಂತ?"

"ಇಲ್ಲೇ ಇರೋದು ಅಂತ. ನಾನಂದೆ, ನೀನು ಬಾರಾದವನಲ್ವೇನೋ ಅಂತ. ಇಲ್ಲ, ಇಲ್ಲೇ ಅಂದ. ನಿಮ್ಗೆ ಗೊತ್ತಿರತ್ತೆ ಅನ್ಕೊಂಡೆ, ನೀವೇ ಆ ಕೆಲ್ಸದಲ್ಲಿರೋದು."

"ಜುಲೈ ಮೂವತ್ತೊಂದರ ರಾತ್ರಿ ಎಲ್ಲಿದ್ರಿ ಅಂತ ಆ ಹುಡುಗಿ ಕೇಳಲಿಲ್ವಾ?"

"ಕೇಳಿದ್ಲಪ್ಪ. ಎರಡೆರಡು ಸಲ ಕೇಳಿದ್ಲು. ಇಲ್ಲೇ ಇದ್ದೆ ಅಂದ."

ಅವನಿಗೆ ನಿಯಮ ಗೊತ್ತು. ನಲವತ್ತು ದಿನ ಊಟದ ಹೊತ್ತಿಗೆ ನನ್ನ ಬಾಯಿಂದಲೇ ಕೇಳಿದ್ದಾನೆ. ತಿಳಿಯದೆ ಹೇಳಿದ್ದಲ್ಲ, ಮರೆತು ಹೇಳಿದ್ದೂ ಅಲ್ಲ.

ಪಾತೊಸ್‌ನ ಆ ಹುಡುಗಿಯ ಲೆಕ್ಕ ತಪ್ಪು, ನನ್ನದು ಸರಿ. ಇವೊನೆತೆಗೆ ಒಂದು ಮಾತು ಹೇಳಿದರೆ ಸಾಕು, ಅಲ್ಲಿ ಅವನ ಹೆಸರು ತೆಗೆದು ಇಲ್ಲಿ ಸೇರಿಸುತ್ತಾರೆ. ಫೋನ್ ಹಿಡಿದು ಅಡುಗೆಮನೆಯಲ್ಲಿ ಬಹಳ ಹೊತ್ತು ಕುಳಿತೆ. ಏನೆಂದು ದೂರು ಕೊಡಲಿ? ನನ್ನ ಗಂಡ ನನ್ನ ಮನೆಯ ಲೆಕ್ಕಕ್ಕೆ ಸಿಗಬಾರದೆಂದು ಸುಳ್ಳು ಹೇಳಿದ್ದಾನೆ, ಅವನನ್ನು ತಂದು ಕೊಡಿ ಎಂದೇ?

ಗಣತಿಯ ಮೊಬೈಲು ಕೇಳಿತು, ಈ ಮನೆಯಲ್ಲಿ ವಾಸವಿರುವವರು ಎಷ್ಟು ಜನ? ಒಂದು ಎಂದು ಒತ್ತಿದೆ. ಖಚಿತವೇ ಎಂದು ಕೇಳಿತು. ಹೌದು ಎಂದೆ. ಮೇಲಿನ ಕೇರಿಯ ಮುನ್ನೂರ ಹನ್ನೆರಡು ಮನೆಗಳಲ್ಲಿ ಸುಳ್ಳು ಲೆಕ್ಕ ಇದೊಂದೇ. ಹಿಡಿಯುವವರು ಯಾರೂ ಇಲ್ಲ.